ಜಗಲಿಯ ಮೇಲಿನ ಜೋಳದ ದಂಟು

ಡನ್‌ಮೋರ್, ಇಲಿನಾಯ್
೧೪ ಸೆಪ್ಟೆಂಬರ್ ೧೯೮೬

ನೆಡ್ರಾ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಳ್ಳದೆ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಅಂಚೆ ದೋಣಿಯವನು ಈ ಕಾಗದವನ್ನು ಡೆಟ್ರಾಯ್ಟ್ ನದಿಯಲ್ಲಿ ನಿಮ್ಮ ಹಡಗಿಗೆ ಏರಿಸುವ ಹೊತ್ತಿಗೆ ಅಮ್ಮನ ಸಿಟ್ಟು ಇಳಿದಿರುತ್ತದೆ ಎಂದು ನೀನು ಅಂದುಕೊಳ್ಳಬಹುದು. ಇಳಿದಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ನಿನ್ನ ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಜಗಲಿಯ ಮೇಲೆ ಎಸೆದು, ಒಳಗೆ ಹೋಗಿ ಮಂಚದ ಕೆಳಗೆ ಸೇರಿಕೊಂಡಳು. ಎಂಟು ವರ್ಷದ ಹುಡುಗಿ, ಕಾಲು ಹಿಡಿದು ಎಳೆದರೂ ಬರಲೊಲ್ಲಳು. ಕೊನೆಗೆ ನಾನೂ ನೆಲದ ಮೇಲೆ ಮಲಗಿ ಕೇಳಬೇಕಾಯಿತು.

"ಏನಾಯ್ತೇ ಟೆಸ್?"

"ಏನಿಲ್ಲ."

"ಏನಿಲ್ಲ ಅಂದ್ರೆ ಮಂಚದ ಕೆಳಗೆ ಯಾಕೆ?"

"ನಮ್ಮನೆ ಬಾಗಿಲು ಪೂರ್ತಿ ಆಗಿಲ್ವಂತೆ ಅಜ್ಜಿ."

ವಿಷಯ ಏನೆಂದರೆ, ಅವಳ ಟೀಚರ್ ಮಿಸ್ ಆಲ್ಡ್ರಿಚ್ ಮಕ್ಕಳಿಗೆಲ್ಲ ಒಂದು ಚಿತ್ರ ಬಿಡಿಸಲು ಹೇಳಿದ್ದಾಳೆ: 'ಶರತ್ಕಾಲದಲ್ಲಿ ನಮ್ಮ ಮನೆಯ ಬಾಗಿಲು.' ಉಳಿದವರು ಕುಂಬಳಕಾಯಿ, ಹುಲ್ಲಿನ ಪಿಂಡಿ, ಬೆದರುಬೊಂಬೆ, ಎಲೆಗಳ ಹಾರ ಎಲ್ಲ ಬಿಡಿಸಿದ್ದಾರೆ. ಟೆಸ್ ನಮ್ಮ ಬಾಗಿಲು ಇದ್ದ ಹಾಗೆಯೇ ಬಿಡಿಸಿದ್ದಾಳೆ. ಬೂದು ಬಣ್ಣ, ಒಂದು ಹಿಡಿ, ಕೆಳಗೆ ಆ ಗೀರು. ಗೀರನ್ನೂ ಬಿಟ್ಟಿಲ್ಲ. ಟೀಚರ್ ಬಂದು ನೋಡಿ, "ಪೂರ್ತಿ ಮಾಡಮ್ಮ" ಎಂದಿದ್ದಾಳೆ. "ಪೂರ್ತಿ ಆಯ್ತು ಮಿಸ್" ಎಂದಿದ್ದಾಳೆ ಇವಳು. ಇಡೀ ತರಗತಿ ನಕ್ಕಿದೆ. ಹಿಂದಿನ ಬೆಂಚಿನ ಒಬ್ಬ, "ಅವರ ಮನೆ ಖಾಲಿ ಬಿದ್ದಿದೆ ಅಂತ ನಮ್ಮಪ್ಪ ಅಂದ್ಕೊಂಡಿದ್ರು" ಎಂದು ಸೇರಿಸಿದ್ದಾನೆ.

ಇದ್ದದ್ದನ್ನು ಇದ್ದ ಹಾಗೆ ಬರೆದ ಮಗುವಿಗೆ ಪೂರ್ತಿ ಮಾಡು ಎನ್ನುವ ಟೀಚರಿಗೆ ಸಂಬಳ ಯಾಕೆ ಕೊಡುತ್ತಾರೋ!

ಶನಿವಾರ ಅವಳನ್ನು ಕರೆದುಕೊಂಡು ಪೇಟೆಗೆ ಹೋದೆ. ಅಂಗಡಿಯ ಮುಂದೆ ಜೋಳದ ದಂಟನ್ನು ರಿಬ್ಬನ್ ಕಟ್ಟಿ ನಿಲ್ಲಿಸಿದ್ದರು. ಬೆಲೆ ಕೇಳಿದೆ. ಒಂದು ಕಟ್ಟಿಗೆ ಒಂದು ಇಡೀ ಕೋಳಿಯ ಬೆಲೆ! ಊರಿನ ನಾಲ್ಕೂ ದಿಕ್ಕಿಗೆ ಜೋಳ ಬಿಟ್ಟರೆ ಬೇರೇನೂ ಇಲ್ಲದ ಈ ಸೀಮೆಯಲ್ಲಿ, ದನವೂ ಮೂಸದ ಒಣ ದಂಟಿಗೆ ಕೋಳಿಯ ಬೆಲೆ. "ಇದನ್ನ ತಿನ್ನೋಕಾಗತ್ತೇನಪ್ಪಾ?" ಎಂದು ಅಂಗಡಿಯವನನ್ನು ಕೇಳಿದೆ. ಅವನು ನಗಲಿಲ್ಲ. ಟೆಸ್ ನನ್ನ ಕೋಟು ಜಗ್ಗಿ, "ಬೇಡ ಅಜ್ಜಿ, ನಂಗೆ ಬೇಡ" ಎಂದಳು. ಆ 'ಬೇಡ' ನನಗೆ ಸಹಿಸಲಾಗಲಿಲ್ಲ.

ಆದ್ದರಿಂದ ಕೇಳು. ಈ ವರ್ಷ ನಮ್ಮ ಬಾಗಿಲಿಗೂ ಶರತ್ಕಾಲ ಬರುತ್ತದೆ. ಅಂಗಡಿಯಿಂದ ಅಲ್ಲ. ನೀನು ಕಳಿಸುವುದರಲ್ಲಿ ಒಂದು ಕಾಸೂ ಮುಟ್ಟುವುದಿಲ್ಲ. ಅದು ಚಳಿಗಾಲದ ಎಣ್ಣೆಗೆ ಮತ್ತು ಅವಳ ಬೂಟಿಗೆ.

ಇಂತು,
ನಿನ್ನ ಅಮ್ಮ
ಹುಲ್ಡಾ


ಡುಲೂತ್ ಬಂದರು
೨೫ ಸೆಪ್ಟೆಂಬರ್ ೧೯೮೬

ಅಮ್ಮ,

ನಿನ್ನ ಕಾಗದ ಬಂದಾಗ ನಾನು ಇಪ್ಪತ್ತೆಂಟು ಜನರಿಗೆ ಸಾರು ಕಾಯಿಸುತ್ತಿದ್ದೆ. ಓದುತ್ತ ಓದುತ್ತ ಸಾರು ಉಕ್ಕಿ ಒಲೆಯೆಲ್ಲ ಹಾಳಾಯಿತು. ಟೀಚರ್ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನಿನ್ನ ಮೇಲೆ. ಹೇಳಿಯೇ ಬಿಡುತ್ತೇನೆ.

ನೀನು ಬಾಗಿಲು ಅಲಂಕಾರ ಮಾಡುತ್ತೀಯ? ನೀನು?

ನನಗೂ ಒಂದು ಕಾಲದಲ್ಲಿ ಎಂಟು ವರ್ಷವಾಗಿತ್ತಮ್ಮ. ಅದೇ ಬಾಗಿಲು, ಅದೇ ಬೂದು ಬಣ್ಣ. ಆ ಗೀರು ಮಾಡಿದವಳೂ ನಾನೇ. ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಪುಟ್ಟ ಕುಂಬಳಕಾಯಿ ಕೊಟ್ಟಿದ್ದರು. ಕೋಟಿನೊಳಗೆ ಬಚ್ಚಿಟ್ಟುಕೊಂಡು, ಮಳೆಯಲ್ಲಿ ನೆನೆಯದ ಹಾಗೆ ತಂದು ಮೆಟ್ಟಿಲ ಮೇಲಿಟ್ಟೆ. ನೀನು ಕೆಲಸದಿಂದ ಬಂದವಳು ಅದನ್ನು ನೋಡಿದೆ. ಎತ್ತಿಕೊಂಡು ಹೋಗಿ ಹಿತ್ತಲಿನ ಕಸದ ಡ್ರಮ್ಮಿಗೆ ಹಾಕಿದೆ. "ಈ ಮನೆಯೊಳಗೆ ಇದು ಬರಕೂಡದು" ಎಂದೆ. ಯಾಕೆ ಎಂದು ಕೇಳಿದ್ದಕ್ಕೆ ಊಟ ಮಾಡಿ ಮಲಗು ಎಂದೆ. ಆಮೇಲೆ ನಾನು ಯಾವತ್ತೂ ಕೇಳಲಿಲ್ಲ.

ಈಗ ಟೆಸ್‌ಗೆ ಯಾರೋ ನಕ್ಕರೆಂದು ನೀನು ಶರತ್ಕಾಲವನ್ನೇ ಮನೆಗೆ ತರಲು ಹೊರಟಿದ್ದೀಯ. ಸಂತೋಷ. ಅವಳಿಗೆ ಸಿಗಲಿ. ಆದರೆ ನನಗೆ ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಗಿದೆ. ಅದನ್ನು ಬಚ್ಚಿಡಲು ನನಗೆ ಬರುವುದಿಲ್ಲ. ಬಚ್ಚಿಡುವ ವಿದ್ಯೆ ನಿನ್ನದು.

ಏಣಿ ಹತ್ತಬೇಡ. ಮೊಣಕಾಲಿನ ನೋವು ಹೇಗಿದೆ? ಟೆಸ್‌ಗೆ ಮುತ್ತು. ನಾಳೆ ಅದಿರು ತುಂಬಿಕೊಂಡು ಮತ್ತೆ ಕೆಳಗೆ ಹೊರಡುತ್ತೇವೆ.

ನೆಡ್ರಾ


ಡನ್‌ಮೋರ್
೫ ಅಕ್ಟೋಬರ್ ೧೯೮೬

ನೆಡ್ರಾ,

ಕುಂಬಳಕಾಯಿಯ ವಿಷಯ ಎತ್ತಿದ್ದೀಯ. ಸರಿ.

ನಿಮ್ಮಪ್ಪ ತೀರಿಕೊಂಡ ವರ್ಷ ನಾನು ಕುಂಬಳ ಬೇಯಿಸಿ ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿದ್ದು. ಆಗಸ್ಟಿನಿಂದ ನವೆಂಬರಿನವರೆಗೆ ಎರಡು ಪಾಳಿ. ಬೆಳಗ್ಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದೆ. ಬೇಯಿಸಿದ ಕುಂಬಳದ ಹಬೆ ಕೂದಲಲ್ಲಿ, ಉಗುರಲ್ಲಿ, ದಿಂಬಿನಲ್ಲಿ. ನೀನು ಮಲಗಿದ ಮೇಲೆ ನಾನು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದೆ, ಗೊತ್ತೇ? ಗೊತ್ತಿಲ್ಲ. ಯಾಕೆಂದರೆ ನೀನು ಮಲಗಿರುತ್ತಿದ್ದೆ. ಇಡೀ ದೇಶದ ಜನ ಹಬ್ಬದ ದಿನ ಕಡುಬಿನೊಳಗೆ ಹಾಕಿ ತಿನ್ನುವ ಆ ಕಾಯಿ ನನ್ನ ಮನೆಯ ಮೆಟ್ಟಿಲ ಮೇಲೂ ಬಂದು ಕೂತಿದ್ದನ್ನು ಕಂಡಾಗ ನನಗೆ ಏನಾಯಿತೆಂದು ಈಗ ಬರೆಯಲು ಕೂತರೆ ಈ ಕಾಗದ ಸಾಲದು. ಬರೆಯುವುದೂ ಇಲ್ಲ.

ಈಗಿನ ಸುದ್ದಿ ಕೇಳು.

ಊರಾಚೆ ಆರ್ವಿಲ್ ಸ್ಟಕಿಯ ಹೊಲದಲ್ಲಿ ಜೋಳ ಕೊಯ್ದಿದ್ದರು. ಬದುವಿನ ಅಂಚಿನಲ್ಲಿ ಯಂತ್ರಕ್ಕೆ ಸಿಗದೆ ಉಳಿದ ದಂಟು ಬೇಕಾದಷ್ಟಿತ್ತು. ಕೇಳಿದೆ. ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡು, "ಹುಲ್ಡಾ, ಅದನ್ನ ತಗೊಂಡು ಹೋಗೋದಾದ್ರೆ ನಾನೇ ನಿಂಗೆ ಕೂಲಿ ಕೊಡ್ಬೇಕು" ಎಂದ. ಟೆಸ್ ತನ್ನ ಆಟದ ಗಾಡಿಯಲ್ಲಿ ಎಳೆದು ತಂದಳು. ರೈಲುಹಳಿಯ ಪಕ್ಕದ ಬೇಲಿಯಲ್ಲಿ ಕಿತ್ತಳೆ ಬಣ್ಣದ ಕಾಯಿ ಬಿಡುವ ಆ ಕಾಡುಬಳ್ಳಿ ಇದೆಯಲ್ಲ, ಅದನ್ನೂ ತಂದೆವು. ಬಟ್ಟೆ ನೇತುಹಾಕುವ ತಂತಿಯನ್ನು ಬಗ್ಗಿಸಿ ದುಂಡಗೆ ಮಾಡಿ, ಅದಕ್ಕೆ ಕಾಡುದ್ರಾಕ್ಷಿಯ ಬಳ್ಳಿ ಸುತ್ತಿ ಬಾಗಿಲ ಹಾರ ಮಾಡಿದೆ. ಮೇಪಲ್ ಎಲೆಗಳನ್ನು ಆರಿಸಿ ತಂದು ಕರಗಿದ ಮೇಣದಲ್ಲಿ ಅದ್ದಿ ಒಣಗಿಸಿದೆವು. ಮೇಣ ಹಿಡಿದ ಎಲೆ ಉದುರಿದ ದಿನದ ಬಣ್ಣದಲ್ಲೇ ನಿಂತುಬಿಡುತ್ತದೆ. ಟೆಸ್ ಬೆರಳ ತುದಿ ಸ್ವಲ್ಪ ಸುಟ್ಟುಕೊಂಡಳು. ಅಳಲಿಲ್ಲ. ಎಲೆಗಳನ್ನು ಕಟ್ಟಲು ದಾರ ಸಾಲದೆ ಹೋದಾಗ ತಾನೇ ಹೋಗಿ ಹಳೆಯ ಕೆಂಪು ಕೈಗವಸನ್ನು ಬಿಚ್ಚಿ ಉಣ್ಣೆ ತಂದಳು.

ಒಳಗೆ ಕಿಟಕಿಗೆ ಹಿಟ್ಟಿನ ಚೀಲದ ಪರದೆ. ಆಕ್ರೋಡಿನ ಸಿಪ್ಪೆ ಕುದಿಸಿದ ನೀರಲ್ಲಿ ಅದ್ದಿದ್ದಕ್ಕೆ ಕಂದು ಬಣ್ಣ ಬಂತು. ನನ್ನ ಕೈಯೂ ಕಂದು.

ಕುಂಬಳಕಾಯಿಯನ್ನೂ ತಂದೆ. ಹೌದು, ತಂದೆ. ಕಾರ್ಖಾನೆಯಲ್ಲಿ ಗಾಯವಾದದ್ದನ್ನು ಬಿಸಾಡುತ್ತಾರೆ, ಮೇಸ್ತ್ರಿಯನ್ನು ಕೇಳಿ ತಂದದ್ದು. ಡಬ್ಬಿಗೆ ಹಾಕುವ ಜಾತಿ ನಿನಗೆ ಗೊತ್ತಲ್ಲ, ಉದ್ದಕ್ಕೆ, ಮಣ್ಣಿನ ಬಣ್ಣಕ್ಕೆ ಇರುತ್ತದೆ. ಟೆಸ್ ನೋಡಿ, "ಅಜ್ಜಿ, ಇದು ದೊಡ್ಡ ಆಲೂಗಡ್ಡೆ" ಎಂದಳು. ಬಿದ್ದು ಬಿದ್ದು ನಕ್ಕೆವು. ಆಲೂಗಡ್ಡೆಯಾದರೂ ಮೆಟ್ಟಿಲ ಮೇಲೆ ಸಾಲಾಗಿ ಕೂತಾಗ ಅದಕ್ಕೊಂದು ಗಾಂಭೀರ್ಯ ಬಂತು.

ಸೋಮವಾರ ಅವಳು ಶಾಲೆಯಲ್ಲಿ ಹೊಸ ಚಿತ್ರ ಬಿಡಿಸಿದಳಂತೆ. ಯಾರೂ ಹೇಳದೆ.

ಆದರೆ ನಿನ್ನೆ ಲವಿನಿಯಾ ಪ್ರಾಥರ್ ಬಂದಿದ್ದಳು. ಬೀದಿಯ ತುದಿಯ ದೊಡ್ಡ ಬಿಳಿ ಮನೆಯವಳು. ಈಗ ಕುಂಬಳ ಹಬ್ಬದ ಸಮಿತಿಗೆ ಅಧ್ಯಕ್ಷೆ. ಹಬ್ಬದ ದಿನ ಹೊರಗಿನ ಜನ ನಮ್ಮ ಬೀದಿಯ ಬಾಗಿಲುಗಳನ್ನು ನೋಡುತ್ತ ಸಾಗುತ್ತಾರಂತೆ. ಮೆಟ್ಟಿಲನ್ನೂ ಹತ್ತದೆ ನಿಂತುಕೊಂಡು ಹೇಳಿದಳು:

"ಹುಲ್ಡಾ, ತಪ್ಪು ತಿಳೀಬೇಡಿ. ಇದನ್ನೆಲ್ಲ ಯಾವಾಗ ಎತ್ತಿಸ್ತೀರಿ?"

"ಯಾವುದನ್ನ?"

"ಈ... ಹೊಲದ ಕಸಾನ."

"ನಿಮ್ಮ ಬಾಗಿಲಲ್ಲೂ ಇದೇ ದಂಟು ಇದೆಯಲ್ಲ ಲವಿನಿಯಾ."

"ನಮ್ದು ಅಂಗಡೀದು. ಶುಚಿ ಮಾಡಿರೋದು. ಇದ್ರಲ್ಲಿ ಇಲಿ ಸೇರ್ಕೊಳತ್ತೆ. ಬೀದಿ ಅಂದ್ಮೇಲೆ ಒಂದು ಮಟ್ಟ ಇರ್ಬೇಕಲ್ವಾ?"

ನನ್ನ ಬಾಯಲ್ಲಿ ಬಂದದ್ದನ್ನು ಟೆಸ್ ಪಕ್ಕದಲ್ಲಿದ್ದಳೆಂದು ನುಂಗಿಕೊಂಡೆ. "ಇಲಿಗೆ ನಾನು ಹೇಳ್ತೀನಿ, ನಿಮ್ಮನೆ ಕಡೆ ಬರೋದು ಬೇಡ ಅಂತ" ಎಂದಷ್ಟೇ ಹೇಳಿದೆ.

ಏಣಿ ಹತ್ತಿದೆ. ಬೀಳಲಿಲ್ಲ.

ಅಮ್ಮ


ಡನ್‌ಮೋರ್
೧೭ ಅಕ್ಟೋಬರ್ ೧೯೮೬

ನೆಡ್ರಾ,

ಇಲ್ಲಿ ಚಳಿ ಶುರುವಾಗಿದೆ. ಎಣ್ಣೆಯವನು ಬಂದು ಟ್ಯಾಂಕು ತುಂಬಿಸಿ ಹೋದ. ಟೆಸ್‌ಗೆ ಬೂಟು ತಂದೆ, ಒಂದಂಗುಲ ದೊಡ್ಡದೇ ತಂದೆ. ಕಾರ್ಖಾನೆಯಲ್ಲಿ ಕೆಲಸ ಜೋರು.

ಬೇರೇನೂ ವಿಶೇಷವಿಲ್ಲ.

ಅಮ್ಮ


ಡನ್‌ಮೋರ್
೧೮ ಅಕ್ಟೋಬರ್

ಪ್ರೀತಿಯ ಅಮ್ಮ,

ಅಜ್ಜಿ ನಿನಗೆ ಬರೆದಿದ್ದಾಳೆ. ಆದರೆ ಅವಳು ನಡೆದದ್ದನ್ನು ಬರೆದಿಲ್ಲ. ಅದಕ್ಕೇ ನಾನು ಬರೆಯುತ್ತೇನೆ. ಅಂಚೆಚೀಟಿ ಅಜ್ಜಿಯ ಡಬ್ಬಿಯಿಂದ ತೆಗೆದೆ, ಕೇಳಿಲ್ಲ.

ಗುರುವಾರ ನಾನು ಬಸ್ಸಿನಿಂದ ಇಳಿದಾಗ ನಮ್ಮ ಮನೆ ಮುಂದೆ ಊರಿನ ಆಫೀಸಿನ ಲಾರಿ ನಿಂತಿತ್ತು. ಅದನ್ನು ಓಡಿಸುವ ಡ್ವೈಟ್ ಅಂಕಲ್ ಜೋಳದ ದಂಟನ್ನು ಲಾರಿಗೆ ಹಾಕುತ್ತಿದ್ದರು. ಇನ್ನೊಬ್ಬರು ಕುಂಬಳಕಾಯಿ ಎತ್ತುತ್ತಿದ್ದರು. ನಾನು ಓಡಿದೆ.

"ಅದು ನಮ್ದು!" ಅಂದೆ.

"ಗೊತ್ತು ಪುಟ್ಟಿ. ನಾನೇನು ಮಾಡ್ಲಿ, ಆಫೀಸಿಂದ ಆರ್ಡರ್ ಆಗಿದೆ" ಅಂದರು.

"ಅಜ್ಜಿ ಬರೋವರೆಗೂ ಇರಿ."

"ಅಜ್ಜಿ ಬಂದ್ರೆ ನಂಗೆ ಇನ್ನೂ ಕಷ್ಟ" ಅಂದರು. ನಗುತ್ತಿರಲಿಲ್ಲ.

ನಾನು ಬಾಗಿಲ ಮುಂದೆ ನಿಂತೆ, ಹಾರ ತೆಗೆಯಬಾರದು ಅಂತ. ಡ್ವೈಟ್ ಅಂಕಲ್ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರು. ಮೆತ್ತಗೇ ಇಟ್ಟರು. ಆದರೂ ಇಟ್ಟರು. ಹಾರವನ್ನೂ ತೆಗೆದುಕೊಂಡರು. ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದರು. ಅದರಲ್ಲಿ 'ಕೃಷಿ ತ್ಯಾಜ್ಯ' ಎಂದಿತ್ತು. ತ್ಯಾಜ್ಯ ಅಂದರೆ ಏನು ಅಂತ ಡಿಕ್ಷನರಿಯಲ್ಲಿ ನೋಡಿದೆ.

ಅಜ್ಜಿ ಬಂದು ಕಾಗದ ಓದಿದಳು. ಪೊರಕೆ ತಂದು ಮೆಟ್ಟಿಲು ಗುಡಿಸಿದಳು. ಅಲ್ಲಿ ಏನೂ ಇರಲಿಲ್ಲ, ಆದರೂ ತುಂಬಾ ಹೊತ್ತು ಗುಡಿಸಿದಳು. ಆಮೇಲೆ ಆಲೂಗಡ್ಡೆ ಹುರಿದು ಕೊಟ್ಟಳು. ನಾನು ತಿನ್ನುವಾಗ ಅವಳು ಹಿತ್ತಲಿಗೆ ಹೋಗಿ ಬಂದಳು. ಕಣ್ಣು ಕೆಂಪಗಿತ್ತು. ಈರುಳ್ಳಿ ಅಂದಳು. ಅವತ್ತು ಈರುಳ್ಳಿ ಹಾಕಿರಲಿಲ್ಲ.

ಅಮ್ಮ, ನೀನು ಹಡಗಿನಿಂದ ಅವರಿಗೆ ಬೈಯಲು ಆಗುತ್ತಾ?

ನಿನ್ನ
ಟೆಸ್


ಹಡಗಿನಿಂದ, ಹ್ಯೂರನ್ ಸರೋವರ
೨೪ ಅಕ್ಟೋಬರ್ ೧೯೮೬

ಅಮ್ಮ,

ನಿನ್ನ ಕಾಗದವೂ ಟೆಸ್‌ಳ ಕಾಗದವೂ ಒಂದೇ ಕಟ್ಟಿನಲ್ಲಿ ಬಂದವು. ಮೊದಲು ನಿನ್ನದನ್ನು ಓದಿದೆ. 'ಬೇರೇನೂ ವಿಶೇಷವಿಲ್ಲ.' ಆಮೇಲೆ ಅವಳದನ್ನು ಓದಿದೆ.

ನೀನು ಯಾಕೆ ಹೀಗೆ ಮಾಡುತ್ತೀಯ? ನನ್ನ ಮಗಳನ್ನು ಒಬ್ಬ ಗಂಡಸು ಅವಳ ಮನೆಯ ಬಾಗಿಲಿನಿಂದಲೇ ಎತ್ತಿ ಪಕ್ಕಕ್ಕಿಟ್ಟಿದ್ದಾನೆ. ಅದನ್ನು ನನಗೆ ಎಂಟು ವರ್ಷದವಳು, ಕದ್ದ ಅಂಚೆಚೀಟಿ ಅಂಟಿಸಿ ಹೇಳಬೇಕೇ? ನೀನು ನನಗೆ ಬೂಟಿನ ಅಳತೆ ಬರೆಯುತ್ತೀಯ!

ಆ ಪ್ರಾಥರ್ ಹೆಂಗಸಿಗೆ ಏನು ಹಕ್ಕು? ಅಂಗಡಿಯಿಂದ ತಂದರೆ ಅಲಂಕಾರ, ಹೊಲದಿಂದ ತಂದರೆ ಕಸ, ಇದು ಯಾವ ಊರಿನ ನ್ಯಾಯ? ಆ ದಂಟು ಅಂಗಡಿಗೇನು ಆಕಾಶದಿಂದ ಉದುರಿತೇ? ನಾನು ಈ ಉಕ್ಕಿನ ಪೆಟ್ಟಿಗೆಯೊಳಗೆ ಕೂತು ಹಲ್ಲು ಕಡಿಯುತ್ತಿದ್ದೇನೆ. ಸುತ್ತ ನೀರು. ಯಾರಿಗೆ ಬೈಯಲಿ? ಬಾಣಲೆಗೆ ಬೈದೆ. ಇಂಜಿನ್ ರೂಮಿನವರು ಬಂದು ಏನಾಯಿತು ಎಂದು ಕೇಳಿದರು.

ಗುಡಿಸಿದೆಯಂತೆ. ಖಾಲಿ ಮೆಟ್ಟಿಲು ಗುಡಿಸಿದೆಯಂತೆ. ಅಪ್ಪ ಹೋದಾಗಲೂ ನೀನು ಗುಡಿಸಿದೆ. ಟೆಸ್‌ಳ ಅಪ್ಪ ನನ್ನನ್ನು ಬಿಟ್ಟುಹೋದಾಗಲೂ ನೀನು ಬಂದು ನನ್ನ ಮನೆ ಗುಡಿಸಿದೆ. ಈ ಸಲ ಪೊರಕೆ ಕೆಳಗಿಡಮ್ಮ. ದಯವಿಟ್ಟು. ಅವಳು ನೋಡುತ್ತಿದ್ದಾಳೆ.

ನೆಡ್ರಾ


ಡನ್‌ಮೋರ್
೨೬ ಅಕ್ಟೋಬರ್ ೧೯೮೬

ನೆಡ್ರಾ,

ಟೆಸ್ ನಿನಗೆ ಬರೆದಿರುವುದಾಗಿ ನಿನ್ನೆ ಹೇಳಿದಳು. ಒಳ್ಳೆಯದೇ ಆಯಿತು, ಹಿಂದಿನದನ್ನು ನಾನು ಮತ್ತೆ ಬರೆಯಬೇಕಾಗಿಲ್ಲ. ಈಗ ಕುಂಬಳ ಹಬ್ಬದ ದಿನದ್ದನ್ನು ಬರೆಯುತ್ತೇನೆ.

ನನಗೆ ಹಬ್ಬಕ್ಕೆ ಹೋಗುವ ಮನಸ್ಸಿರಲಿಲ್ಲ. ಟೆಸ್‌ಳ ತರಗತಿಯ ಮಕ್ಕಳು ಹಾಡುವವರಿದ್ದರು, ಆದ್ದರಿಂದ ಹೋದೆ. ಚೌಕದಲ್ಲಿ ಜನವೋ ಜನ. ಸೇಬಿನ ರಸ ಕುದಿಯುತ್ತಿತ್ತು, ಬ್ಯಾಂಡಿನವರು ಮಂಟಪದಲ್ಲಿ ಕೂತು ಊದುತ್ತಿದ್ದರು. ಟೆಸ್ ನನ್ನ ಕೈ ಹಿಡಿದುಕೊಂಡಿದ್ದಳು. ಇದ್ದಕ್ಕಿದ್ದ ಹಾಗೆ ಕೈ ಬಿಟ್ಟಳು.

"ಅಜ್ಜಿ. ಅದು ನಂದು."

ನೋಡುತ್ತೇನೆ, ಮಂಟಪದ ಕಂಬಗಳಿಗೆ ಜೋಳದ ದಂಟು ಕಟ್ಟಿದ್ದಾರೆ. ಮೆಟ್ಟಿಲ ಮೇಲೆ ಮಣ್ಣಿನ ಬಣ್ಣದ ಉದ್ದನೆಯ ಕುಂಬಳಕಾಯಿಗಳ ಸಾಲು. ಈ ಊರಲ್ಲಿ ಆ ಕಾಯಿಯನ್ನು ಅಲಂಕಾರಕ್ಕೆ ಇಡುವ ಹುಚ್ಚಿ ನನ್ನ ಬಿಟ್ಟರೆ ಇನ್ನೊಬ್ಬಳಿಲ್ಲ. ನಡುವಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ನಮ್ಮ ಬಾಗಿಲ ಹಾರ. ಮೇಣದ ಎಲೆ, ಕಾಡುಬಳ್ಳಿಯ ಕಾಯಿ, ಆ ಕೆಂಪು ಉಣ್ಣೆಯ ಗಂಟುಗಳು. ಪಕ್ಕದಲ್ಲಿ ಒಬ್ಬ ಹೆಂಗಸು ಅದರ ಫೋಟೋ ತೆಗೆಯುತ್ತಿದ್ದಳು.

ನೆಡ್ರಾ, ಕಸದ ಗುಂಡಿಯಲ್ಲಿ ಬಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅದನ್ನು ಕಸವೆಂದು ನಿಜವಾಗಿ ನಂಬಿ ಎಸೆದಿದ್ದರೆ, ಆಯಿತು, ಅವರ ಕಣ್ಣು ಅಷ್ಟೇ ಎಂದುಕೊಳ್ಳುತ್ತಿದ್ದೆ. ಅವರಿಗೆ ಅದು ಚೆಂದವೆಂದು ಗೊತ್ತಿತ್ತು. ನಮ್ಮ ಬಾಗಿಲಲ್ಲಿ ಇದ್ದದ್ದೇ ಅದರ ತಪ್ಪು.

ಹೋಗಿ ಮಂಟಪದ ಮೆಟ್ಟಿಲು ಹತ್ತಿದೆ. ತುತ್ತೂರಿಯವನು ಊದುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಲವಿನಿಯಾ ಮುಂದಿನ ಸಾಲಿನಿಂದ ಎದ್ದು ಬಂದಳು.

"ಹುಲ್ಡಾ, ಏನಿದು? ಕೆಳಗಿಳೀರಿ, ಆಮೇಲೆ ಮಾತಾಡೋಣ."

"ಈಗ್ಲೇ ಮಾತಾಡೋಣ ಲವಿನಿಯಾ. ಇದು ಯಾವುದು ಹೇಳಿ, ಕಸಾನೋ, ಅಲಂಕಾರಾನೋ?"

"ಎಲ್ರೂ ನೋಡ್ತಿದ್ದಾರೆ..."

"ನೋಡ್ಲಿ. ನೋಡೋಕೆ ಅಂತ್ಲೇ ತಾನೆ ಇಲ್ಲಿ ಹಾಕಿರೋದು? ಹೇಳಿ, ಕಸ ಆದ್ರೆ ಹಬ್ಬದ ಮಂಟಪದಲ್ಲಿ ಅದಕ್ಕೇನು ಕೆಲಸ? ಅಲಂಕಾರ ಆದ್ರೆ ನಮ್ಮ ಬಾಗಿಲಿಂದ ಯಾಕೆ ಕಿತ್ಕೊಂಡು ಬಂದ್ರಿ?"

ಅವಳ ಮುಖ ಕೆಂಪಾಯಿತು. ತಗ್ಗಿದ ದನಿಯಲ್ಲಿ ಹೇಳಿದಳು: "ಸಮಿತಿ ಹತ್ರ ಈ ವರ್ಷ ದುಡ್ಡಿಲ್ಲ ಹುಲ್ಡಾ. ಹೇಗೂ ಎಸೆಯೋದು, ಅದಕ್ಕೆ ಬಳಸ್ಕೊಂಡ್ವಿ. ಇಷ್ಟು ದೊಡ್ಡದು ಮಾಡ್ಬೇಕಾ?"

"ದುಡ್ಡಿಲ್ದೋರು ಏನು ಮಾಡ್ಬೇಕು ಅಂತ ನನ್ನ ಬಂದು ಕೇಳಿದ್ರೆ ಹೇಳಿ ಕೊಡ್ತಿದ್ದೆ. ಹೊಲಕ್ಕೆ ಹೋಗಿ, ಬಗ್ಗಿ, ಕಿತ್ತು, ತಂದು ಕಟ್ಬೇಕು. ಮಗು ಕೈ ಸುಟ್ಕೊಂಡು ಮಾಡಿದ್ದನ್ನ ಲಾರಿ ಕಳಿಸಿ ಎತ್ಕೊಂಡು ಬರೋದಲ್ಲ."

ಜನರ ನಡುವಿನಿಂದ ಆರ್ವಿಲ್ ಸ್ಟಕಿ ಕೂಗಿದ: "ಆ ದಂಟು ನಂದು ಕಣಮ್ಮ! ನಾನು ಹುಲ್ಡಾಗೆ ಕೊಟ್ಟಿದ್ದು, ಸಮಿತಿಗೆ ಕೊಟ್ಟಿಲ್ಲ!" ಕಾರ್ಖಾನೆಯ ಹೆಂಗಸರು ಒಂದು ಕಡೆ ಗುಂಪಾಗಿ ನಿಂತಿದ್ದರು. ಅವರಲ್ಲಿ ಯಾರೋ ಸಿಳ್ಳೆ ಹಾಕಿದರು. ಯಾರೆಂದು ಗೊತ್ತು, ಬರೆಯುವುದಿಲ್ಲ.

ಡ್ವೈಟ್ ಬೋಲಿ ಲಾರಿಯ ಪಕ್ಕದಲ್ಲಿ ನಿಂತು ಮಾಂಸದ ಬನ್ನು ತಿನ್ನುತ್ತಿದ್ದ. ಅವನನ್ನು ಕರೆದೆ.

"ಡ್ವೈಟ್, ನೀನು ಹೇಳಿದ್ದು ಮಾಡೋನು ತಾನೆ?"

"ನನ್ನ ಕೆಲಸ ಅದು ಹುಲ್ಡಾ. ನನ್ನ ಮೇಲೆ ಸಿಟ್ಟಾಗ್ಬೇಡ."

"ಸಿಟ್ಟಿಲ್ಲ. ಈಗ ನಾನು ಹೇಳ್ತಾ ಇದ್ದೀನಿ. ಲಾರಿ ಇಲ್ಲಿಗೆ ತಗೊಂಡು ಬಾ."

ಅವನು ಲವಿನಿಯಾಳ ಮುಖ ನೋಡಿದ. ಟೆಸ್‌ಳ ಮುಖ ನೋಡಿದ. ಬನ್ನನ್ನು ಜೇಬಿಗೆ ತುರುಕಿ ಹೋಗಿ ಲಾರಿ ತಂದ. ತಾನೇ ಕಂಬದಿಂದ ದಂಟು ಬಿಚ್ಚಿದ. ತುತ್ತೂರಿಯವನು ಇಳಿದು ಬಂದು ಕುಂಬಳಕಾಯಿ ಎತ್ತಿಕೊಟ್ಟ. ಹಾರವನ್ನು ಮಾತ್ರ ಟೆಸ್ ಯಾರಿಗೂ ಮುಟ್ಟಲು ಬಿಡಲಿಲ್ಲ. ಬೆಂಚಿನ ಮೇಲೆ ಹತ್ತಿ ತಾನೇ ತೆಗೆದು, ಕೊರಳಿಗೆ ಹಾಕಿಕೊಂಡು, ಲಾರಿಯ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಡ್ವೈಟ್ ಬೀದಿಯುದ್ದಕ್ಕೂ ಅವಳ ಕಡೆ ನೋಡಲಿಲ್ಲ. ಇಳಿಯುವಾಗ, "ಪುಟ್ಟಿ, ಅವತ್ತು ನಿನ್ನ ಎತ್ತಿಟ್ಟೆ ನೋಡು, ಅದು ನಂಗೆ ಸರಿ ಬಂದಿಲ್ಲ" ಎಂದ. ಅವಳು ಯೋಚಿಸಿ, "ನಂಗೂ ಬಂದಿಲ್ಲ" ಎಂದಳು.

ಮಕ್ಕಳ ಹಾಡು ತಪ್ಪಿಹೋಯಿತು. ಅವಳು ಮನೆಯಲ್ಲಿ ನನಗೊಬ್ಬಳಿಗೇ ಹಾಡಿದಳು.

ಊರಿನ ಆಫೀಸಿನಿಂದ ದಂಡ ಹಾಕುತ್ತಾರಂತೆ. ಹಾಕಲಿ. ಅಲ್ಲಿಗೂ ಹೋಗಿ ಇದೇ ಪ್ರಶ್ನೆ ಕೇಳುತ್ತೇನೆ.

ಅಮ್ಮ


ಟೊಲೀಡೋ ಬಂದರು
೯ ನವೆಂಬರ್ ೧೯೮೬

ಅಮ್ಮ,

ನಿನ್ನ ಕಾಗದವನ್ನು ಊಟದ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಇಂಜಿನ್ ರೂಮಿನವರು, ಡೆಕ್ಕಿನವರು ಎಲ್ಲ ಚಮಚ ಕೆಳಗಿಟ್ಟು ಕೇಳಿದರು. 'ಈಗ ನಾನು ಹೇಳ್ತಾ ಇದ್ದೀನಿ, ಲಾರಿ ತಗೊಂಡು ಬಾ' ಎಂಬಲ್ಲಿಗೆ ಬಂದಾಗ ಮೇಜು ಗುದ್ದಿ ಗುದ್ದಿ ಉಪ್ಪಿನ ಬಟ್ಟಲು ಒಡೆದರು. ಈಗ ಯಾರಾದರೂ ಸಾರು ಚೆನ್ನಾಗಿಲ್ಲ ಎಂದರೆ ಇನ್ನೊಬ್ಬರು, "ಸುಮ್ನಿರಪ್ಪ, ಅವಳು ಹುಲ್ಡಾ ಮಗಳು" ಎನ್ನುತ್ತಾರೆ.

ನಾನು ಹಿಂದೆ ಬರೆದ ಕಾಗದ ನಿನಗೆ ಹಬ್ಬದ ನಂತರವೇ ಸಿಕ್ಕಿರುತ್ತದೆ. ಪೊರಕೆಯ ಮಾತು ಬರೆದಿದ್ದೆ. ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ಇನ್ನೊಮ್ಮೆ ಬರೆಯುವುದೂ ಇಲ್ಲ.

ಒಂದೇ ಒಂದು ಬೇಜಾರು. ನಾನು ಹಡಗಿಗೆ ಸೇರಿದಾಗಿನಿಂದ ಒಂದು ಶರತ್ಕಾಲವನ್ನೂ ಊರಲ್ಲಿ ನೋಡಿಲ್ಲ. ಈ ವರ್ಷವೂ ಸರೋವರ ಹೆಪ್ಪುಗಟ್ಟಿ ಹಡಗು ನಿಲ್ಲುವುದು ಜನವರಿಗೆ. ಅಷ್ಟರಲ್ಲಿ ಬೀದಿಯೆಲ್ಲ ಕ್ರಿಸ್‌ಮಸ್ ದೀಪ ಹಾಕಿ, ಅದನ್ನೂ ತೆಗೆದಿರುತ್ತಾರೆ. ಒಂದು ಫೋಟೋ ಆದರೂ ತೆಗೆಸಿ ಕಳಿಸು.

ನೆಡ್ರಾ


ಡನ್‌ಮೋರ್
೩೦ ನವೆಂಬರ್ ೧೯೮೬

ನೆಡ್ರಾ,

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯಿತು. ಟರ್ಕಿ ಹಕ್ಕಿಯ ಬದಲು ಕೋಳಿ ಮಾಡಿದೆ, ಆರ್ವಿಲ್‌ನನ್ನೂ ಊಟಕ್ಕೆ ಕರೆದಿದ್ದೆ. ಎರಡು ಸಲ ಬಡಿಸಿಕೊಂಡ. ಊರಿನ ಆಫೀಸಿನವರು ದಂಡದ ವಿಷಯ ಮತ್ತೆ ಎತ್ತಿಲ್ಲ. ನಾನು ಎರಡು ಸಲ ಹೋಗಿ ಕೇಳಿ ಬಂದೆ. ಎರಡನೆಯ ಸಲ ಗುಮಾಸ್ತ ನನ್ನನ್ನು ಕಂಡು ಒಳಗೆ ಹೋದವನು ಹೊರಗೆ ಬರಲೇ ಇಲ್ಲ.

ಶುಕ್ರವಾರದಿಂದ ಬೀದಿಯವರೆಲ್ಲ ಅಲಂಕಾರ ಬದಲಿಸಿದರು. ಕುಂಬಳಕಾಯಿಗಳು ಕಸದ ಡ್ರಮ್ಮಿಗೆ ಹೋದವು, ಅಂಗಡಿಯ ದಂಟೂ ರಿಬ್ಬನ್ ಸಮೇತ ಹೋಯಿತು. ಈಗ ಎಲ್ಲ ಕಡೆ ಬಣ್ಣದ ದೀಪ, ಹಸಿರು ಹಾರ. ನಮ್ಮ ಮನೆ ಒಂದೇ ಕಂದು ಬಣ್ಣಕ್ಕೆ ಉಳಿದುಕೊಂಡಿದೆ. ನಿನ್ನೆ ಹಿಮ ಬಿತ್ತು. ದಂಟಿನ ಮೇಲೆಲ್ಲ ಬಿಳಿ ಕೂತಿದೆ. ಕುಂಬಳಕಾಯಿ ಎರಡು ಮೆತ್ತಗಾಗಿದ್ದವು, ತೆಗೆದೆ. ಉಳಿದವು ಗಟ್ಟಿಯಾಗಿವೆ.

ಇವತ್ತು ಚರ್ಚಿನಿಂದ ಬರುವಾಗ ಲವಿನಿಯಾ ಬೇಲಿಯ ಹತ್ತಿರ ಸಿಕ್ಕಳು. ಕುಂಬಳ ಹಬ್ಬದ ನಂತರ ಮಾತಾಡಿದ್ದು ಇದೇ ಮೊದಲು. ಈ ಸಲ ಆಜ್ಞೆಯ ದನಿ ಇರಲಿಲ್ಲ.

"ಹುಲ್ಡಾ, ಕಾಲ ಮುಗೀತಲ್ಲ. ಇನ್ನೂ ಯಾಕೆ ಇಟ್ಟಿದ್ದೀರಿ? ಎತ್ತೋಕೆ ಜನ ಬೇಕಾದ್ರೆ ಹೇಳಿ, ಕಳಿಸ್ತೀನಿ."

"ಜನ ಇದ್ದಾರೆ."

"ಮತ್ತೆ? ಜನ ನಗ್ತಾರಲ್ರೀ. ಹಿಮದಲ್ಲಿ ಶರತ್ಕಾಲ ಯಾರಿಗೋಸ್ಕರ?"

"ನನ್ನ ಮಗಳು ಇನ್ನೂ ನೋಡಿಲ್ಲ."

ಅವಳು ಒಮ್ಮೆ ನಮ್ಮ ಬಾಗಿಲ ಕಡೆ ನೋಡಿದಳು. ತಲೆಯಾಡಿಸಿ ಹೋದಳು.

ಫೋಟೋ ತೆಗೆಸುವುದಿಲ್ಲ. ಟೆಸ್ ದಿನಾ ಸಂಜೆ ಹಾರದ ಮೇಲಿನ ಹಿಮವನ್ನು ಬಾಯಿಂದ ಊದಿ ತೆಗೆಯುತ್ತಾಳೆ. ಜನವರಿಯಲ್ಲಿ ಯಾವ ದಿನ ಬಸ್ಸು ಹತ್ತುತ್ತೀಯ ಬರೆ. ಬೆಳಕಿದ್ದಾಗಲೇ ಬಂದು ಮುಟ್ಟುವ ಹಾಗೆ ಹೊರಡು. ನೀನು ಯಾವಾಗಲೂ ಹಿತ್ತಲಿಂದ ಬಂದು ಅಡುಗೆಮನೆಗೆ ನುಗ್ಗುತ್ತೀಯ. ಈ ಸಲ ಮುಂಬಾಗಿಲಿಗೆ ಬಾ.

ಅಮ್ಮ